ಗೋಡೆಗೆ ಅಂಟಿಸಿದ ಬಾಳೆಹಣ್ಣಿಗೆ ಇಷ್ಟೊಂದು ಮರ್ಯಾದೆ ಯಾಕೆ?

ಗೋಡೆಗೆ ಟೇಪ್ ಹಾಕಿ ಅಂಟಿಸಿದ ಬಾಳೆಹಣ್ಣನ್ನೂ ಕಲೆ ಅಂತ ಹೊಗಳುತ್ತಾರೆ, ಅದಕ್ಕೆ ಕಾನೂನಿನ ರಕ್ಷಣೆ ಬೇರೆ, ಇದೆಲ್ಲ ಬೇಕಾ ಅಂತ ಕೇಳಿದ್ದೀರಿ. ಹೊಗಳಿಕೆ ಕೆಲವಕ್ಕೆ ಮಾತ್ರ ಸಲ್ಲಬೇಕು, ರಕ್ಷಣೆ ಎಲ್ಲಕ್ಕೂ ಇರಲಿ ಅನ್ನುವುದು ನನ್ನ ಲೆಕ್ಕ. ಬೆಲೆಯ ಮಾತು ಬಿಡಿ, ಅದು ದುಡ್ಡಿದ್ದವರ ಆಟ.

ದಾವಣಗೆರೆಯಲ್ಲಿ ನಮ್ಮಪ್ಪನದು ಸ್ಯಾನಿಟರಿ ಸಾಮಾನಿನ ಅಂಗಡಿ ಇತ್ತು. ಕಮೋಡು, ವಾಷ್ ಬೇಸಿನ್ನುಗಳ ನಡುವೆ ಬೆಳೆದವನು ನಾನು. ಹಾಗಾಗಿ ಮಾರ್ಸೆಲ್ ದುಶಾಂ ಎಂಬ ಫ್ರೆಂಚ್ ಕಲಾವಿದ 1917ರಲ್ಲಿ ನ್ಯೂಯಾರ್ಕಿನ ಕಲಾಪ್ರದರ್ಶನಕ್ಕೆ ಒಂದು ಯೂರಿನಲ್ ಕಳಿಸಿದ ಕಥೆ ಓದಿದಾಗ ಮೊದಲು ಅಪ್ಪನಿಗೇ ಹೇಳಿದೆ. ಅಂಗಡಿ ಮಾಲು, ಅದನ್ನು ಅಂಗಾತ ಮಲಗಿಸಿ, 'ಆರ್. ಮಟ್' ಅಂತ ಸುಳ್ಳು ಸಹಿ ಹಾಕಿ, 'ಫೌಂಟನ್' ಅಂತ ಹೆಸರಿಟ್ಟಿದ್ದ. ಅಪ್ಪ ಕೇಳಿದರು, "ಮಾಡಿದ್ದು ಫ್ಯಾಕ್ಟರಿಯವನಲ್ವಾ? ಇವನೇನು ಮಾಡಿದ?"

ಒಳ್ಳೇ ಪ್ರಶ್ನೆ. ಆ ಪ್ರದರ್ಶನದ ಸಂಘದವರು ನಮ್ಮಲ್ಲಿ ತೀರ್ಪುಗಾರರೇ ಇಲ್ಲ, 6 ಡಾಲರ್ ಶುಲ್ಕ ಕಟ್ಟಿದರೆ ಯಾರ ಕೃತಿಯನ್ನಾದರೂ ಇಡುತ್ತೇವೆ ಅಂತ ಹೇಳಿಕೊಂಡಿದ್ದರು. ದುಶಾಂ ಅದರ ಆಡಳಿತ ಮಂಡಳಿಯಲ್ಲೇ ಇದ್ದ. ನೋಡೋಣ ಎಷ್ಟು ನಿಜ ಅಂತ ಕಳಿಸಿದ. ಅವರು ಇಡಲಿಲ್ಲ, ಇವನು ರಾಜೀನಾಮೆ ಕೊಟ್ಟ. ದೊಡ್ಡ ಮಾತಾಡಿದವರನ್ನು ಅವರ ಮಾತಿನಲ್ಲೇ ಸಿಕ್ಕಿಸಿದ್ದು, ಅದು ಅವನು ಮಾಡಿದ ಕೆಲಸ. ಮೂಲ ಯೂರಿನಲ್ ಕಳೆದೇ ಹೋಯಿತು. ಉಳಿದದ್ದು ಒಂದು ಫೋಟೋ. ಈಗ ಮ್ಯೂಸಿಯಮ್ಮುಗಳಲ್ಲಿ ಇರುವುದೆಲ್ಲ ಆಮೇಲಿನ ಪ್ರತಿಗಳು. ಆದರೂ ನಾವಿನ್ನೂ ಜಗಳ ಆಡುತ್ತಿದ್ದೇವೆ ನೋಡಿ.

ಇನ್ನು ಬಾಳೆಹಣ್ಣು. ಇಟಲಿಯ ಮೌರಿಜಿಯೋ ಕ್ಯಾಟೆಲಾನ್ 2019ರಲ್ಲಿ ಮಯಾಮಿಯ ಕಲಾಮೇಳದಲ್ಲಿ ಅಂಟಿಸಿದಾಗ ಅದರ ಬೆಲೆ 1,20,000 ಡಾಲರ್ ಇತ್ತು. 2024ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 62 ಲಕ್ಷ ಡಾಲರಿಗೆ, ಅಂದರೆ ಸುಮಾರು 52 ಕೋಟಿ ರೂಪಾಯಿಗೆ ಹೋಯಿತು. ಕೊಂಡ ಕ್ರಿಪ್ಟೋ ಉದ್ಯಮಿ ಜಸ್ಟಿನ್ ಸನ್ ಕೆಲವೇ ದಿನಗಳಲ್ಲಿ ಪತ್ರಕರ್ತರ ಮುಂದೆ ಹಣ್ಣು ಸುಲಿದು ತಿಂದರು. ನಷ್ಟವೇನಿಲ್ಲ, ಅವರು ನಿಜವಾಗಿ ಕೊಂಡದ್ದು ಒಂದು ಸರ್ಟಿಫಿಕೇಟು ಮತ್ತು ಹೇಗೆ ಅಂಟಿಸಬೇಕು ಅಂತ ಬರೆದ ಕಾಗದ. ಹಣ್ಣನ್ನು ತಳ್ಳುಗಾಡಿಯಿಂದ ತಂದರಾಯಿತು. ನನಗೂ ನಗು ಬಂತು, ಸುಳ್ಳು ಹೇಳಲ್ಲ. ಆದರೆ ದುಶಾಂ ನೂರು ವರ್ಷದ ಹಿಂದೆ ಮಾಡಿದ್ದ ತಮಾಷೆಯನ್ನೇ ಇಷ್ಟು ದುಡ್ಡು ಸುರಿದು ಮತ್ತೆ ಮಾಡಿದ್ದು ತಂಗಳನ್ನಕ್ಕೆ ಒಗ್ಗರಣೆ ಹಾಕಿದ ಹಾಗೆ.

ಹೊಗಳಬೇಕು ಅನ್ನಿಸಿದ್ದು ಬೇರೆ. ಭದ್ರಾವತಿಯಲ್ಲಿ ಹುಟ್ಟಿದ, ಬೆಂಗಳೂರಿನಲ್ಲಿರುವ ಶೀಲಾ ಗೌಡ ಅವರ 'ಬಿಹೋಲ್ಡ್' ಅಂತ ಒಂದು ಕೃತಿ ಇದೆ, 2009ರದು, ಈಗ ಲಂಡನ್ನಿನ ಟೇಟ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ದೃಷ್ಟಿ ತಾಕದಿರಲಿ ಅಂತ ಗಾಡಿಗಳ ಬಂಪರಿಗೆ ಕೂದಲಿನ ಕರೀ ಹಗ್ಗ ಕಟ್ಟುತ್ತಾರಲ್ಲ, ಅದೇ ಹಗ್ಗ, ಸುಮಾರು 4 ಕಿಲೋಮೀಟರ್. ಜೊತೆಗೆ ಇಪ್ಪತ್ತರಷ್ಟು ಉಕ್ಕಿನ ಬಂಪರುಗಳು, ಆ ಹಗ್ಗದಲ್ಲೇ ನೇತಾಡುತ್ತಿವೆ. ಯಾರ್ಯಾರದೋ ತಲೆಯ ಕೂದಲು ಅಷ್ಟು ಭಾರ ಹೊತ್ತಿದೆ. ನಾನು ಬರೀ ಫೋಟೋದಲ್ಲಿ ನೋಡಿದ್ದು, ಆದರೂ ಮರುದಿನ ಸಿಗ್ನಲ್ಲಿನಲ್ಲಿ ಮುಂದಿದ್ದ ಟೆಂಪೋದ ಬಂಪರ್ ನೋಡುತ್ತಾ ಕೂತು ಹಿಂದಿನವರ ಹಾರ್ನಿಗೆ ಬೈಸಿಕೊಂಡೆ. ದಿನಾ ಕಾಣುವ ವಸ್ತುವನ್ನು ಹೀಗೆ ಮತ್ತೆ ನೋಡಿಸಿದರೆ ನನಗಷ್ಟು ಸಾಕು, ಕೈಕೆಲಸ ಎಷ್ಟಿದೆ ಅಂತ ನಾನು ಅಳೆಯಲ್ಲ.

ರಕ್ಷಣೆಯ ವಿಷಯದಲ್ಲಿ ನಿಮಗೆ ಸ್ವಲ್ಪ ತಪ್ಪು ತಿಳಿವಳಿಕೆ ಇದೆ ಅನ್ನಿಸುತ್ತೆ. ಐಡಿಯಾಕ್ಕೆ ಕಾಪಿರೈಟ್ ಇಲ್ಲ. ನಾನು ಬಹಳ ಮೊದಲೇ ಬಾಳೆಹಣ್ಣನ್ನು ಟೇಪ್ ಹಾಕಿ ಅಂಟಿಸಿದ್ದೆ ಅಂತ ಒಬ್ಬ ಅಮೆರಿಕನ್ ಕಲಾವಿದ ಕ್ಯಾಟೆಲಾನ್ ಮೇಲೆ ಕೇಸ್ ಹಾಕಿದ್ದ. 2023ರಲ್ಲಿ ಫ್ಲಾರಿಡಾದ ಕೋರ್ಟು ಒಪ್ಪಲಿಲ್ಲ. ಹಾಗಾಗಿ ನಿಮ್ಮ ಮನೆ ಗೋಡೆಗೆ ಏಲಕ್ಕಿ ಬಾಳೆ ಅಂಟಿಸಿದರೆ ಯಾರೂ ಕೇಳಲ್ಲ.

ಕಾನೂನು ಬೇಕಾಗುವುದು ಕೃತಿಯನ್ನೇ ಒಡೆದಾಗ, ಕಿತ್ತು ಹಾಕಿದಾಗ. ನಮ್ಮ ದೇಶದ್ದೇ ನೋಡಿ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಅಮರನಾಥ ಸೆಹಗಲ್ ಅವರ ದೊಡ್ಡ ಕಂಚಿನ ಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದರು. ಕೃತಿ ಬೇರೆಯವರ ಕೈ ಸೇರಿದ ಮೇಲೂ ಅದನ್ನು ಹಾಳುಮಾಡಿದರೆ ಕೇಳುವ ಹಕ್ಕನ್ನು ಕಲಾವಿದನಿಗೆ ಕೊಡುವ ಕಾಪಿರೈಟ್ ಕಾಯ್ದೆಯ 57ನೇ ಕಲಮಿನ ಬಲದಿಂದ ಸೆಹಗಲ್ ಗೆದ್ದದ್ದು 2005ರಲ್ಲಿ. ಶಿಲ್ಪ ವಾಪಸ್ ಕೊಡಿ, ಜೊತೆಗೆ 5 ಲಕ್ಷ ಪರಿಹಾರ ಕೊಡಿ ಅಂತ ದೆಹಲಿ ಹೈಕೋರ್ಟ್ ಹೇಳಿತು. ಯಾರು ನೋಡಿದರೂ ಕಲೆಯೇ ಅನ್ನುವ ಕಂಚಿಗೇ ಈ ಗತಿ. ಇನ್ನು ಬಂಪರು, ಕೂದಲು ಇಟ್ಟಿದ್ದರೆ ಯಾರೋ ಒಬ್ಬರು ಗುಜರಿ ಅಂದುಕೊಂಡು ಎತ್ತಿಸಿಬಿಡಲು ಎಷ್ಟು ಹೊತ್ತು? ಕಸದ ಹಾಗೆ ಕಾಣುವ ಕಲೆಗೇ ರಕ್ಷಣೆ ಜಾಸ್ತಿ ಬೇಕು.

ನಗುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ, ಧಾರಾಳವಾಗಿ ನಗಿ. ಅಪ್ಪ ಅಂಗಡಿ ಮುಚ್ಚಿ ಎಂಟು ವರ್ಷ ಆಯಿತು. ಈಗಲೂ ಟೀವಿಯಲ್ಲಿ ಕಲಾಪ್ರದರ್ಶನದ ಸುದ್ದಿ ಬಂದರೆ ಸಾಕು, "ಬಿರುಕು ಬಿಟ್ಟ ಪೀಸೆಲ್ಲ ಸುಮ್ನೆ ಎಸೆದುಬಿಟ್ಟೆ ಕಣೋ, ಒಂದಕ್ಕಾದರೂ ಸೈನ್ ಹಾಕಿಡಬೇಕಿತ್ತು" ಅಂತಾರೆ.