ಮಾಲೆ ತೆಗೆದ ಮರುದಿನ

ಸಂಕ್ರಾಂತಿ ಕಳೆದು ಫೆಬ್ರುವರಿ ಬಂತೆಂದರೆ ಸಿಗರೇಟು ಬಿಡಲು ನೆರವು ಕೇಳಿಕೊಂಡು ನನ್ನ ಬಳಿ ಒಂದೇ ಬಗೆಯ ಜನ ಬರತೊಡಗುತ್ತಾರೆ. ಅಯ್ಯಪ್ಪ ಮಾಲೆ ಹಾಕಿ 41 ದಿನ ಸಿಗರೇಟು ಮುಟ್ಟದೆ ಇದ್ದು, ಶಬರಿಮಲೆಯಿಂದ ಬಂದು ಮಾಲೆ ತೆಗೆದ ಕೂಡಲೇ ಮತ್ತೆ ಹಚ್ಚಿದವರು. ಮನೆಯವರ ದೂರೂ ಒಂದೇ: "ಸ್ವಾಮಿಗೋಸ್ಕರ ಬಿಡೋಕಾಗತ್ತೆ, ನಮಗೋಸ್ಕರ ಆಗಲ್ವಾ?"

ಅವರಲ್ಲೊಬ್ಬರು ನಲವತ್ತು ದಾಟಿದವರು, ಸಣ್ಣ ಊರಲ್ಲಿ ಹಾರ್ಡ್‌ವೇರ್ ಅಂಗಡಿ. ಗುರುತು ಸಿಗದಂತೆ ಉಳಿದ ವಿವರ ಬದಲಿಸಿದ್ದೇನೆ. ದಿನಕ್ಕೊಂದು ಪ್ಯಾಕು. ಕೂತವರೇ "ನಂಗೆ ವಿಲ್‌ಪವರ್ ಇಲ್ಲ" ಎಂದರು. ಈ ಮಾತು ಕೇಳಿದರೆ ನನಗೆ ರೇಗುತ್ತದೆ. ನಿಕೋಟಿನ್ ನಿಲ್ಲಿಸಿದಾಗಿನ ಸಿಡುಕು, ನಿದ್ದೆಗೇಡು ಮೊದಲ ಎರಡು ಮೂರು ದಿನ ಜೋರು. ಮೂರು ನಾಲ್ಕು ವಾರದಲ್ಲಿ ಬಹುಪಾಲು ಇಳಿಯುತ್ತದೆ. ಇವರು ಅದನ್ನು ವರ್ಷವರ್ಷವೂ ದಾಟಿದವರು, ಅದೂ ಬರಿಗಾಲಲ್ಲಿ, ತಣ್ಣೀರು ಸ್ನಾನ ಮಾಡಿಕೊಂಡು.

ಎರಡನೇ ಭೇಟಿಯಲ್ಲಿ ಕೇಳಿದೆ: "ಆ ದಿನಗಳಲ್ಲಿ ಯಾರಾದ್ರೂ ಸಿಗರೇಟು ಕೊಡೋಕೆ ಬಂದರೆ ಏನಂತಿದ್ರಿ?"

ನಕ್ಕರು. "ಯಾರು ಕೊಡ್ತಾರೆ ಮೇಡಂ? ಮಾಲೆ ಕಂಡ್ರೆ ಸೇದ್ತಿದ್ದೋರೂ ಕೈ ಹಿಂದಕ್ಕೆ ಇಟ್ಕೋತಾರೆ. ಬೀಡಾ ಅಂಗಡಿಯವನೇ 'ಸ್ವಾಮಿ ಶರಣಂ' ಅಂತಾನೆ." ತಡೆದು ಹೇಳಿದರು: "ಬೇಡ ಅಂತ ನಾನು ಒಂದ್ಸಲಾನೂ ಹೇಳಿಲ್ಲ. ಹೇಳೋ ಪ್ರಮೇಯಾನೇ ಬರ್ಲಿಲ್ಲ."

ಅಲ್ಲಿಂದ ಮುಂದೆ ನಾವು ಮಾಡಿದ್ದು ನಾಟಕ. ನಾನು ಅವರ ಗೆಳೆಯ. "ಏನ್ ಸ್ವಾಮಿ, ಇನ್ನೂ ಮಾಲೆ ತೆಗೆದಿಲ್ವಾ? ತಗೋ, ಒಂದು ದಮ್ ಎಳಿ." ಅವರು "ಕೆಮ್ಮು ಕಣೋ" ಎಂದರು. ಕೆಮ್ಮು ವಾಸಿಯಾದ ದಿನ ಮತ್ತೆ ಬರುತ್ತಾನಲ್ಲ ಎಂದೆ. "ಡಾಕ್ಟರ್ ಬೇಡ ಅಂದಿದಾರೆ." ಯಾವ ಡಾಕ್ಟರು, ಏನಾಯ್ತು ಎಂದು ಚರ್ಚೆಗಿಳಿದೆ. ಕೊನೆಗೆ ನೆಲ ನೋಡುತ್ತ "ಬಿಟ್ಟಿದ್ದೀನಿ, ಕೊಡ್ಬೇಡ" ಬಂತು. ನನ್ನ ಮುಖ ನೋಡಿ ಅದನ್ನೇ ಹೇಳುವಷ್ಟರಲ್ಲಿ ಬೆವೆತಿದ್ದರು.

ಮುಂದಿನ ಮಾಲೆಗೆ ಕಾಯಬೇಡಿ, ದಿನ ಗೊತ್ತುಮಾಡಿ, ಜೊತೆಗೆ ಸೇದುವವರಿಗೆ ನೀವೇ ಮೊದಲು ಹೇಳಿ ಎಂದೆ. ಕಾಫಿ ಅರ್ಧಕ್ಕಿಳಿಸಿ, ಸಿಗರೇಟು ನಿಂತ ಮೇಲೆ ಕೆಫೀನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಅದರ ಚಡಪಡಿಕೆಯನ್ನೂ ಸಿಗರೇಟಿನ ಲೆಕ್ಕಕ್ಕೇ ಹಾಕಿಬಿಡುತ್ತೇವೆ. ನಿಕೋಟಿನ್ ಗಮ್ ವೈದ್ಯರನ್ನು ಕೇಳಿ ತಗೊಳ್ಳಿ, ಆದರೆ ಜಗಿಯುತ್ತಲೇ ಇರಬೇಡಿ. ಚುರುಚುರು ಅಂದಾಗ ಕೆನ್ನೆಯೊಳಗೆ ಒತ್ತಿಡಿ. ತಂಬಾಕು ಬಿಡಲು ನೆರವಾಗುವ ಸಹಾಯವಾಣಿ ಕ್ವಿಟ್‌ಲೈನ್ 1800-11-2356, ಉಚಿತ.

ಧರ್ಮಸ್ಥಳದಲ್ಲಿ ಆಣೆ ಮಾಡಿಸ್ತೀನಿ ಎಂದರು ಪತ್ನಿ. ಬೇಡ ಎಂದೆ. ಅವರಿಗದು ಹಿಡಿಸಲಿಲ್ಲ, ನನಗೆ ಭಕ್ತಿಯಿಲ್ಲ ಅಂದುಕೊಂಡಿರಬೇಕು. ದೇವರ ಬಗ್ಗೆ ನನ್ನ ತಕರಾರಿಲ್ಲ. ಆಣೆ ಮುರಿದವರು ಹೆದರಿ ಬಚ್ಚಿಡುತ್ತಾರೆ, ನನ್ನ ಬಳಿ ಬರುವುದನ್ನೂ ಬಿಡುತ್ತಾರೆ. ಒಂದು ಸೇದಿದವರು ಹೇಗೂ ಆಣೆ ಹೋಯಿತಲ್ಲ ಎಂದು ಪ್ಯಾಕೇ ಕೊಳ್ಳುತ್ತಾರೆ. ಇದನ್ನು ನೋಡಿ ನೋಡಿಯೇ ಬೇಡ ಎನ್ನುವುದು.

ಎರಡು ತಿಂಗಳ ಬಳಿಕ ಅವರು ಒಂದು ಮದುವೆಯಲ್ಲಿ ಎಡವಿದರು. ಮರುದಿನವೇ ಫೋನ್ ಮಾಡಿದರು. ಎಷ್ಟು ಸೇದಿದಿರಿ ಎನ್ನದೆ, ಕೊಟ್ಟವರು ಯಾರು ಎಂದು ಕೇಳಿದೆ. ಹೆಂಡತಿಯ ಅಣ್ಣ. "ಭಾವನಿಗೆ ಹೇಗೆ ಬೇಡ ಅನ್ನೋದು ಮೇಡಂ?"

ಮುಂದಿನ ಸಲ ಭಾವನನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ.