ಲೆದರ್ ಸೋಫಾಗೆ ತೆಂಗಿನ ಎಣ್ಣೆ ಹಚ್ಚಲೇಬೇಡಿ

ಮಳೆಗಾಲದಲ್ಲಿ ಲೆದರ್ ಸೋಫಾಗೆ ಬೂಷ್ಟು ಬರುತ್ತಿದೆ, ಎಣ್ಣೆ ಹಚ್ಚಲಾ, ಶೂ ಪಾಲಿಶ್ ಹಚ್ಚಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಎಣ್ಣೆ ಹಚ್ಚಿಯೇ ನಮ್ಮ ಮನೆಯ ಒಳ್ಳೆ ಸೋಫಾ ಹಾಳಾಯಿತು.

ನಮ್ಮದು ಮಂಗಳೂರು. ಭಾವ ಬೆಂಗಳೂರಿನ ಮನೆ ಖಾಲಿ ಮಾಡುವಾಗ ತಮ್ಮ ಕಂದು ಸೋಫಾ ನಮಗೆ ಕೊಟ್ಟರು. ಅಲ್ಲಿ ಅದಕ್ಕೆ ಏನೂ ಆಗಿರಲಿಲ್ಲ. ಇಲ್ಲಿ ಮೊದಲ ಆಟಿ ತಿಂಗಳಲ್ಲೇ, ಅಂದರೆ ನಮ್ಮ ತುಳುನಾಡಿನ ಜೋರು ಮಳೆಯ ತಿಂಗಳಲ್ಲೇ, ಹೊಲಿಗೆಯುದ್ದಕ್ಕೂ ಬೂದು ಬಣ್ಣದ ಬೂಷ್ಟು ಎದ್ದಿತು. ಗೋಡೆಗೆ ಒತ್ತಿ ಇಟ್ಟಿದ್ದೆವು, ಹಿಂಬದಿಗೆ ಗಾಳಿಯೇ ಇರಲಿಲ್ಲ. ಒರೆಸಿದಾಗ ಬೂಷ್ಟು ಹೋಯಿತು, ಆದರೆ ಬಣ್ಣ ಮಂಕಾಗಿ ಕಂಡಿತು. ಚರ್ಮ ಒಣಗಿದೆ ಅಂದುಕೊಂಡು ಇಡೀ ಸೋಫಾಗೆ ತೆಂಗಿನ ಎಣ್ಣೆ ತಿಕ್ಕಿದೆ. ಆ ದಿನ ಮಿರಮಿರ ಮಿಂಚಿತು.

ತಪ್ಪಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ತುಂಬಾ ಜನ ಇದನ್ನೇ ಮಾಡುತ್ತಾರೆ. ಹೆಚ್ಚಿನ ಸೋಫಾಗಳಲ್ಲಿ ನಮ್ಮ ಕೈಗೆ ಸಿಗುವುದು ಬರಿಯ ಚರ್ಮ ಅಲ್ಲ. ಅದರ ಮೇಲೆ ಬಣ್ಣದ ಪದರ, ಆ ಬಣ್ಣದ ಮೇಲೆ ತೆಳುವಾದ ಕೋಟಿಂಗ್ ಇರುತ್ತದೆ. ಚರ್ಮ ಮೆತ್ತಗಿರಲು ಬೇಕಾದ ಜಿಡ್ಡನ್ನು ಹದ ಮಾಡುವ ಕಾರ್ಖಾನೆಯಲ್ಲೇ ಒಳಗೆ ಸೇರಿಸಿರುತ್ತಾರೆ. ಕೋಟಿಂಗ್ ಸರಿಯಿದ್ದಲ್ಲಿ ನಮ್ಮ ಎಣ್ಣೆ ಮೇಲೆಯೇ ಕೂತು ಧೂಳು ಹಿಡಿಯುತ್ತದೆ. ಕೋಟಿಂಗ್ ಸವೆದಲ್ಲಿ, ಬಿರುಕು ಬಿಟ್ಟಲ್ಲಿ, ಹೊಲಿಗೆಯ ತೂತುಗಳಲ್ಲಿ ಒಳಗೆ ಇಳಿಯುತ್ತದೆ. ಅಲ್ಲೆಲ್ಲ ಕಪ್ಪು ಕಲೆ. ಬರಬರುತ್ತಾ ಬಣ್ಣ ಮೆತ್ತಗಾಗಿ, ಬೆರಳಲ್ಲಿ ಉಜ್ಜಿದರೂ ಕಿತ್ತು ಬರುತ್ತದೆ. ಬೂಷ್ಟಿಗೂ ಅದೇ ಎಣ್ಣೆ ಊಟ. ಮರುವರ್ಷ ಇಡೀ ಸೀಟಿಗೆ ಹಬ್ಬಿತು. ಬಣ್ಣ ಹಾಕಿಸೋಣ ಅಂತ ರಿಪೇರಿಯವರನ್ನು ಕರೆಸಿದರೆ, ಅವರು ಸೀಟು ಮೂಸಿ ನೋಡಿ, "ಎಣ್ಣೆ ಕುಡಿದಿದೆ, ಇದರ ಮೇಲೆ ಕಲರ್ ನಿಲ್ಲೋದಿಲ್ಲ" ಅಂದರು. ಕೊನೆಗೆ ಸೀಟುಗಳ ಚರ್ಮವನ್ನೇ ಬದಲಿಸಬೇಕಾಯಿತು.

ತಲೆ ಒರಗುವ ಜಾಗದಲ್ಲಿ ಮೊದಲು ಬಣ್ಣ ಹೋಗುವುದೂ ತಲೆಗೆ ಹಚ್ಚಿದ ಎಣ್ಣೆಯಿಂದಲೇ. ಅಲ್ಲಿ ಒಂದು ಬೈರಾಸು (ಟವೆಲ್) ಹಾಸಿಬಿಡಿ, ವಾರಕ್ಕೊಮ್ಮೆ ಒಗೆಯಿರಿ. ಯಾವ ದುಬಾರಿ ಕ್ರೀಮಿಗಿಂತಲೂ ಇದು ಮೇಲು. ಶೂ ಪಾಲಿಶ್ ಹಚ್ಚಿದರೆ ಕೂತವರ ಬಟ್ಟೆಗೆಲ್ಲ ಬಣ್ಣ ಮೆತ್ತುತ್ತದೆ, ಅಷ್ಟೇ.

ನಿಮ್ಮ ಸೋಫಾಗೆ ಬೇಕಿರುವುದು ಗಾಳಿ. ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಿರಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೂಷ್ಟನ್ನು ಒಣ ಬಟ್ಟೆಯಲ್ಲಿ ಮೆಲ್ಲಗೆ ತೆಗೆಯಿರಿ. ಸಾಧ್ಯವಾದರೆ ಜಗಲಿಗೆ ತಂದು ಮಾಡಿ, ಇಲ್ಲದಿದ್ದರೆ ಅದರ ಪುಡಿ ಮನೆಯೆಲ್ಲ ಹರಡುತ್ತದೆ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿಗೆ (ಬೇಗ ಆರಿಹೋಗುವ ಒಂದು ಬಗೆಯ ಸ್ಪಿರಿಟ್) ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ಮೊದಲು ಸೋಫಾದ ಹಿಂದೆ, ಕಾಣದ ಜಾಗದಲ್ಲಿ ಒರೆಸಿ ನೋಡಿ. ಬಟ್ಟೆಗೆ ಬಣ್ಣ ಬಂದರೆ ನಿಲ್ಲಿಸಿ. ಒರೆಸಿದ ಮೇಲೆ ಫ್ಯಾನಿನ ಕೆಳಗೆ ಒಣಗಲಿ, ಬಿಸಿಲಿಗೆ ಬೇಡ. ಸೋಡಾ ಪುಡಿ, ಬಟ್ಟೆ ಸೋಪು ಹತ್ತಿರವೂ ತರಬೇಡಿ. ಚರ್ಮಕ್ಕೆ ಸ್ವಲ್ಪ ಆಮ್ಲದ ಗುಣ ಇರುತ್ತದೆ, ಇವು ಕ್ಷಾರ.

ಇನ್ನೊಂದು ಮಾತು. ಮೇಲ್ಪದರ ಹಾಳೆ ಹಾಳೆಯಾಗಿ ಸುಲಿದು, ಅಡಿಯಲ್ಲಿ ನೇಯ್ದ ಬಟ್ಟೆ ಕಾಣುತ್ತಿದ್ದರೆ ಅದು ಅಸಲಿ ಲೆದರ್ ಅಲ್ಲ, ರೆಕ್ಸಿನ್ ಜಾತಿಯದು. ಅದಕ್ಕೆ ಏನು ಹಚ್ಚಿದರೂ ಉಳಿಯುವುದಿಲ್ಲ, ಹೊಸ ಹೊದಿಕೆಯೇ ಹಾಕಿಸಿ. ಅಸಲಿ ಚರ್ಮ ಹರಿದಿದ್ದರೆ ಮಾತ್ರ ಹೆದರಬೇಡಿ. ತಕ್ಷಣ ಅಂಟುವ ಗಮ್ ಹಾಕಬೇಡಿ, ಅದು ಗಟ್ಟಿಯಾಗಿ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಹರಿದ ಬಾಯಿಯ ಒಳಗೆ ಬಟ್ಟೆಯ ತುಂಡು ತೂರಿಸಿ, ಬಾಗುವ ಲೆದರ್ ಗಮ್‌ನಲ್ಲಿ ಅಂಟಿಸಿ, ಅಂಚುಗಳನ್ನು ಕೂಡಿಸಿ, ರಾತ್ರಿಯಿಡೀ ಮೇಲೆ ಭಾರ ಹೇರಿ ಇಡಿ.