ರೇಖಾಂಶ ಕುರಿತ ನಿಮ್ಮ ಲೇಖನ: ಸಂಪಾದಕರ ಉತ್ತರ

ಮಾನ್ಯರೇ,

ತಂತಿ ಮತ್ತು ರೇಡಿಯೊ ಕಾಲಸಂಕೇತಗಳಿಂದ ವೀಕ್ಷಣಾಲಯಗಳ ರೇಖಾಂಶವನ್ನು ನಿರ್ಣಯಿಸಿದ ಬಗೆಯನ್ನು ಕುರಿತು ನೀವು ಮಂಗಳೂರಿನಿಂದ ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಉಡುಪಿಯ ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲಾಗದು. ಆದರೆ ವಿಷಯ ಕೈಬಿಡುವಂಥದ್ದಲ್ಲವಾದ್ದರಿಂದ ಕಾರಣಗಳನ್ನು ಬಿಡಿಸಿ ಹೇಳುತ್ತೇನೆ.

ಅರ್ಧ ಲೇಖನ, ಸಮುದ್ರದಲ್ಲಿ ರೇಖಾಂಶ ತಿಳಿಯಲು ಹ್ಯಾರಿಸನ್ ಮಾಡಿದ ಹಡಗಿನ ಗಡಿಯಾರಕ್ಕೇ ಖರ್ಚಾಗಿದೆ. ಬರೆದು ಬರೆದು ಸವೆದ ಆ ಕಥೆಗೆ ಒಂದು ವಾಕ್ಯ ಸಾಕು. ಬಳಿಕ ‘ತಂತಿ ಬಂದದ್ದರಿಂದ ಸಮಸ್ಯೆ ಬಗೆಹರಿಯಿತು’ ಎಂದು ಮುಂದೆ ಹೋಗಿದ್ದೀರಿ. ನಿಜವಾದ ಕಷ್ಟ ಅಲ್ಲಿಯೇ ಶುರುವಾಗುತ್ತದೆ. ಎರಡು ಊರುಗಳ ಸ್ಥಳೀಯ ಕಾಲಗಳ ವ್ಯತ್ಯಾಸದಿಂದಲೇ ಅವುಗಳ ರೇಖಾಂಶದ ವ್ಯತ್ಯಾಸ ಸಿಗುವುದು. ಇನ್ನೊಂದು ಊರಿನ ಗಡಿಯಾರ ಏನು ತೋರಿಸುತ್ತಿದೆಯೆಂಬುದನ್ನಷ್ಟೇ ತಂತಿ ತಿಳಿಸುತ್ತದೆ. ತನ್ನೂರಿನ ಸ್ಥಳೀಯ ಕಾಲವನ್ನು ವೀಕ್ಷಕ ನಕ್ಷತ್ರಗಳಿಂದಲೇ ಪಡೆಯಬೇಕು. ದೂರದರ್ಶಕದ ಒಳಗೆ ಜೇಡರ ಎಳೆಗಳನ್ನು ಲಂಬವಾಗಿ ಬಿಗಿದಿರುತ್ತಿದ್ದರು. ನಕ್ಷತ್ರವು ಒಂದೊಂದು ಎಳೆಯನ್ನು ದಾಟಿದಾಗಲೂ ವೀಕ್ಷಕ ಕೀಲಿ ಒತ್ತಬೇಕು, ಸುತ್ತುವ ಉರುಳೆಯ ಕಾಗದದ ಮೇಲೆ ಗುರುತು ಬೀಳಬೇಕು. ಒಬ್ಬ ತುಸು ಮೊದಲು ಒತ್ತುತ್ತಾನೆ, ಇನ್ನೊಬ್ಬ ತಡವಾಗಿ. ಕೀಲಿ ಬರುವ ಮುಂಚೆಯೂ ಹೀಗೇ: 1796ರಲ್ಲಿ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥ ಮ್ಯಾಸ್ಕಲಿನ್ ತನ್ನ ಸಹಾಯಕ ಕಿನ್ನೆಬ್ರೂಕನನ್ನು ಕೆಲಸದಿಂದ ತೆಗೆದದ್ದು ಸುಮಾರು 0.8 ಸೆಕೆಂಡಿನ ಇಂಥ ವ್ಯತ್ಯಾಸಕ್ಕಾಗಿ. ಮಂಗಳೂರಿನ ಅಕ್ಷಾಂಶದಲ್ಲಿ ಒಂದು ಸೆಕೆಂಡಿನ ತಪ್ಪೆಂದರೆ ನೆಲದ ಮೇಲೆ ಸುಮಾರು 450 ಮೀಟರು. ಆದ್ದರಿಂದಲೇ, ಇಬ್ಬರ ವ್ಯತ್ಯಾಸ ಸರಾಸರಿಯಲ್ಲಿ ಅಳಿಯಲೆಂದು, ಅರ್ಧ ಕೆಲಸವಾದ ಮೇಲೆ ವೀಕ್ಷಕರು ಪರಸ್ಪರ ಊರು ಬದಲಾಯಿಸಿಕೊಳ್ಳುವ ಪದ್ಧತಿ ಬಂತು. ನಿಮ್ಮ ಲೇಖನದಲ್ಲಿ ವೀಕ್ಷಕನೆಂಬ ಈ ಮನುಷ್ಯನೇ ಇಲ್ಲ.

ಸಂಕೇತ ‘ಅದೇ ಕ್ಷಣ’ ತಲುಪುತ್ತದೆಂಬ ನಿಮ್ಮ ಮಾತೂ ಸರಿಯಲ್ಲ. ತಂತಿಯಲ್ಲಿ, ಅದರಲ್ಲೂ ಸಮುದ್ರದಡಿಯ ಕೇಬಲ್ಲಿನಲ್ಲಿ, ವಿಳಂಬವಿತ್ತು. ಪೂರ್ವದಿಂದ ಹೊರಟ ಸಂಕೇತದಲ್ಲಿ ಕಾಲವ್ಯತ್ಯಾಸ ಆ ವಿಳಂಬದಷ್ಟು ಕಡಿಮೆಯಾಗಿಯೂ ಪಶ್ಚಿಮದಿಂದ ಹೊರಟಾಗ ಅಷ್ಟೇ ಹೆಚ್ಚಾಗಿಯೂ ಕಾಣುವುದರಿಂದ ಎರಡರ ಸರಾಸರಿ ಅದನ್ನು ಅಳಿಸಿಹಾಕುತ್ತದೆ. ಇಡೀ ವಿಧಾನದ ಜಾಣತನವೇ ಇದು. ಇದಕ್ಕೊಂದು ಚಿತ್ರ ಬೇಕು. ಉದಾಹರಣೆಗೆ ಅಮೆರಿಕದ ಊರುಗಳೇಕೆ? ಮದ್ರಾಸಿನ ಯಾಮ್ಯೋತ್ತರವನ್ನು (ನೆತ್ತಿಯ ಮೇಲೆ ಉತ್ತರ-ದಕ್ಷಿಣವಾಗಿ ಹಾಯುವ ರೇಖೆಯನ್ನು) ದಾಟಿದ ನಕ್ಷತ್ರ ಮಂಗಳೂರಿನದನ್ನು ದಾಟುವುದು ಸುಮಾರು 21½ ನಿಮಿಷದ ಬಳಿಕ. ನಮ್ಮ ಓದುಗರಿಗೆ ಇದು ಥಟ್ಟನೆ ಹಿಡಿಯುತ್ತದೆ.

ರೇಡಿಯೊ ಭಾಗ ಪರವಾಗಿಲ್ಲ. 1910ರಲ್ಲಿ ಐಫೆಲ್ ಗೋಪುರದಿಂದ ಕಾಲಸಂಕೇತಗಳ ಪ್ರಸಾರ ಶುರುವಾದದ್ದನ್ನೂ 1926ರ ಜಾಗತಿಕ ರೇಖಾಂಶ ಮಾಪನವನ್ನೂ ಸರಿಯಾಗಿ ಹೇಳಿದ್ದೀರಿ. ಒಂದೇ ಸಂಕೇತವನ್ನು ಹಲವು ವೀಕ್ಷಣಾಲಯಗಳು ಕೇಳಿಸಿಕೊಳ್ಳಬಹುದಾಗಿತ್ತು ಎಂಬುದನ್ನು ಮಾತ್ರ ಸೇರಿಸಿ.

‘ಗ್ರೀನಿಚ್ಚಿನ ಹಳೆಯ ರೇಖೆಯ ಮೇಲೆ ಮೊಬೈಲಿನ ಜಿಪಿಎಸ್ ಸೊನ್ನೆ ತೋರಿಸುತ್ತದೆ’ ಎಂಬ ಕೊನೆಯ ವಾಕ್ಯವನ್ನು ತೆಗೆದುಹಾಕಿ. ಸೊನ್ನೆ ರೇಖಾಂಶ ಸಿಗುವುದು ಅಲ್ಲಿಂದ ಸುಮಾರು 102 ಮೀಟರು ಪೂರ್ವಕ್ಕೆ. ತೂಗುಗುಂಡಿನ ದಾರ ಭೂಮಿಯ ಕೇಂದ್ರದತ್ತ ನೇರವಾಗಿ ಇಳಿಯುವುದಿಲ್ಲ, ನಕ್ಷತ್ರ ನೋಡಿ ಪಡೆದ ರೇಖಾಂಶ ಆ ದಾರವನ್ನೇ ನಂಬಿರುತ್ತದೆ, ಜಿಪಿಎಸ್ ನಂಬುವುದಿಲ್ಲ. ಇದನ್ನು ಒಂದು ಪ್ಯಾರಾದಲ್ಲಿ ಬರೆದು, ಚಿತ್ರದೊಂದಿಗೆ ಲೇಖನವನ್ನು ಮತ್ತೆ ಕಳುಹಿಸಿ. ದೀಪಾವಳಿ ಸಂಚಿಕೆಯಲ್ಲಿ ನಾಲ್ಕು ಪುಟ ಕಾದಿರಿಸುತ್ತೇನೆ.

ಸಂಪಾದಕ